ಹೊಸ್ತಿಲಲ್ಲಿ ಹರಸುವ ಮಾತು

ವಾಟ್ಸನ್‌ವಿಲ್‌ನಲ್ಲಿ ಸ್ಟ್ರಾಬೆರಿ ಬಿಡಿಸುವ, ಸ್ಪ್ಯಾನಿಷು ಬಿಟ್ಟು ಬೇರೆ ಭಾಷೆ ಬಾರದ ಒಬ್ದುಲಿಯಾ ಯಾರಿಗೂ ಸೊಪ್ಪು ಹಾಕುವವಳಲ್ಲ. ಮೇಸ್ತ್ರಿ ಜೋರು ಮಾಡಿದರೆ ಅವನಿಗಿಂತ ಒಂದು ಕೈ ಹೆಚ್ಚೇ ಜೋರು ಮಾಡುವವಳು. ಅಂಥವಳು ಆ ವಾರವೆಲ್ಲ ಒದ್ದಾಡಿದ್ದು ಐದು ವರ್ಷದ ಮಗ ಎಲಿಸೆಯೊನನ್ನು ಯಾವ ತರಗತಿಗೆ ಹಾಕಬೇಕು ಅಂತ. ಶಾಲೆಯಲ್ಲಿ ಎರಡು ಬಗೆ. ಒಂದರಲ್ಲಿ ಬರೀ ಇಂಗ್ಲಿಷು, ಇನ್ನೊಂದರಲ್ಲಿ ಅರ್ಧ ದಿನ ಸ್ಪ್ಯಾನಿಷು, ಅರ್ಧ ದಿನ ಇಂಗ್ಲಿಷು. ಇವತ್ತು ಹೇಳಿಬಿಡಬೇಕಿತ್ತು.

"ಅದರಲ್ಲೇನೇ ಯೋಚನೆ?" ಗಂಡ ಫಿಡೆನ್ಸಿಯೊ ಬೀನ್ಸು ಸುತ್ತಿದ ರೊಟ್ಟಿ ಅಗಿಯುತ್ತಲೇ ಅಂದ. "ಇಂಗ್ಲಿಷೇ. ಸ್ಪ್ಯಾನಿಷು ಮನೇಲಿ ಪುಕ್ಕಟೆ ಸಿಗುತ್ತಲ್ಲ! ಇಷ್ಟು ವರ್ಷ ನಾನು ಧಣಿ ಮುಂದೆ ಕೋಲೆಬಸವನ ಹಾಗೆ ತಲೆ ಆಡಿಸಿದ್ದು ಸಾಲದಾ? ದೊಡ್ಡವಳನ್ನ ನೋಡು, ಬರೀ ಇಂಗ್ಲಿಷಲ್ಲೇ ಕಲಿತಳು, ಅರಳು ಹುರಿದ ಹಾಗೆ ಮಾತಾಡ್ತಾಳೆ."

ಸುಳ್ಳೇನಲ್ಲ. ಆದರೆ ಹನ್ನೆರಡರ ನಯೇಲಿ ಅಮ್ಮನ ಹತ್ತಿರ ಸ್ಪ್ಯಾನಿಷಿನಲ್ಲಿ ಆಡುತ್ತಿದ್ದುದು 'ಹೂಂ', 'ಬೇಡ', 'ಹಸಿವು', ಅಷ್ಟೇ. ವಯಸ್ಸಿನ ಬಿಗುಮಾನ, ಸರಿಹೋಗುತ್ತಾಳೆ ಅಂತ ಒಬ್ದುಲಿಯಾ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ದಿನಾ ಬೆಳಿಗ್ಗೆ ಹೊಸ್ತಿಲಲ್ಲಿ ಮಗಳು ಹಣೆ ಒಡ್ಡುತ್ತಿದ್ದಳಲ್ಲ, ತಾಯಿಗೆ ಅದೇ ಸಾಕಿತ್ತು. ಹೆಬ್ಬೆರಳಿಂದ ಹಣೆಯ ಮೇಲೆ ಶಿಲುಬೆ ಬರೆದು, ತನ್ನ ತಾಯಿ ಹರಸುತ್ತಿದ್ದ ಸ್ಪ್ಯಾನಿಷ್ ಮಾತುಗಳಲ್ಲೇ ಹರಸಿ ಕಳಿಸುವಳು.

ಇವತ್ತೂ ಹರಸಿದಳು. ನಯೇಲಿ ಚೀಲ ಹೆಗಲಿಗೇರಿಸಿ, ತಮ್ಮನ ಕಡೆ ಬಗ್ಗಿ ಇಂಗ್ಲಿಷಿನಲ್ಲಿ ಏನೋ ಕೇಳಿದಳು. ಟೀವಿ ಮುಂದೆ ಕೂತೇ ಇಂಗ್ಲಿಷು ಕಲಿತ ಆ ಪುಟ್ಟ ಪೋಕರಿ ಏನೋ ಹೇಳಿತು. ನಯೇಲಿ ಬಾಗಿಲ ಮೇಲೆ ಕೈಯಿಟ್ಟವಳು ಹಾಗೇ ನಿಂತುಬಿಟ್ಟಳು.

"ಏನಂತೋ ಅವಳದು?" ಒಬ್ದುಲಿಯಾ ಕೇಳಿದಳು.

"ಅಮ್ಮ ದಿನಾ ಹಣೆ ಮುಟ್ಟಿ ಏನು ಗೊಣಗ್ತಾಳೆ ಅಂತ ಕೇಳಿದ್ಳು. ನಾನು ಹೇಳ್ದೆ, 'ದೇವರೇ, ನನ್ನ ಮಗಳನ್ನ ನಿನ್ನ ಕೈಲಿ ಕೊಡ್ತಿದೀನಿ, ಸಂಜೆ ನಂಗೆ ವಾಪಸ್ ಕೊಡು' ಅಂತ. ಸರಿ ತಾನೇ ಅಮ್ಮಾ?"

ಅಯ್ಯೋ ದೇವರೇ! ಇಷ್ಟು ವರ್ಷ ಈ ಕೂಸು ಒಂದಕ್ಷರ ತಿಳಿಯದೆ ತಲೆ ಬಾಗಿಸುತ್ತಿತ್ತಾ? ಒಬ್ದುಲಿಯಾ ಬಾಗಿಲಲ್ಲಿದ್ದ ಮಗಳ ಕಡೆ ತಿರುಗಿದಳು. ಫಿಡೆನ್ಸಿಯೊನ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ನಯೇಲಿ ವಾಪಸು ಬಂದು ಅಮ್ಮನ ಮುಂದೆ ಮತ್ತೆ ಹಣೆ ಒಡ್ಡಿದಳು.

"ಇನ್ನೊಂದ್ಸಲ," ಅಂದಳು ಹರುಕುಮುರುಕು ಸ್ಪ್ಯಾನಿಷಿನಲ್ಲಿ. "ನಿಧಾನ."

ಒಬ್ದುಲಿಯಾ ಒಂದೊಂದೇ ಮಾತು ಬಿಡಿಸಿ ಹೇಳಿದಳು. ಮಗಳು ಹೋದ ಮೇಲೆ ಫಿಡೆನ್ಸಿಯೊ ಮೆಲ್ಲಗೆ, "ಇವನನ್ನ ಎರಡೂ ಇರೋ ಕಡೆಗೇ ಹಾಕು ಮಾರಾಯ್ತಿ," ಅಂದ. ಅವಳು ಹಾಗೇ ಮಾಡಿದಳು.

ಸಂಜೆ ನಯೇಲಿ ಬಂದವಳು ಒಳಗೆ ಕಾಲಿಡಲಿಲ್ಲ. ಹೊಸ್ತಿಲ ಹೊರಗೇ ನಿಂತು, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಸ್ಪ್ಯಾನಿಷಿನಲ್ಲಿ ಕೂಗಿದಳು: "ಅಮ್ಮಾ, ದೇವರು ವಾಪಸ್ ಕೊಟ್ಟ!"