ಕೈಲಾಗದವನೆಂಬ ಪಂಚನಾಮೆ

ಬೆಳಗಾವಿ ಬಳಿಯ ಮಚ್ಛೆಯ ಕಾರ್ಖಾನೆಯೊಂದರಲ್ಲಿ ಪ್ರೆಸ್ ಮಶೀನಿಗೆ ಸಿಕ್ಕು ಬಲಗೈಯ ನಾಲ್ಕು ಬೆರಳು ಹೋದಾಗ ಗುರುಸಿದ್ದನಿಗೆ ಮೂವತ್ತೆಂಟು ವರ್ಷ. ಗಾಯ ಮಾಯ್ದ ಮೇಲೆ ಮಾಲೀಕ, "ಸ್ವಲ್ಪ ದಿನ ಆರಾಮ ಮಾಡ್ರಿ, ನಾವ ಕರೀತೀವಿ" ಎಂದ. ಕರೆಯಲಿಲ್ಲ.

ಮೊದಲ ವರ್ಷ ಅವನು ನಂದಗಡದ ಹತ್ತಿರದ ತನ್ನ ಹಳ್ಳಿಯಿಂದ ವಾರಕ್ಕೆ ಮೂರು ಸಲ ಬೆಳಗಾವಿಗೆ ಹೋಗಿ ಕೆಲಸ ಹುಡುಕಿದ. ಗೇಟುಗಳಲ್ಲಿ ಬಲಗೈಯನ್ನು ಕಿಸೆಯಲ್ಲಿಟ್ಟುಕೊಂಡೇ ಮಾತಾಡುತ್ತಿದ್ದ. ಹೆಸರು ಬರೆಯಲು ಪೆನ್ನು ಕೊಟ್ಟಾಗ ಎಲ್ಲ ಬಯಲಾಗುತ್ತಿತ್ತು. ಎರಡನೇ ವರ್ಷ ವಾರಕ್ಕೊಮ್ಮೆ ಹೋದ. ನಾಲ್ಕನೇ ವರ್ಷದ ಹೊತ್ತಿಗೆ ಗೇಟಿನವನು ಬಾಯಿ ತೆರೆಯುವ ಮೊದಲೇ, "ಜಾಗಾ ಖಾಲಿ ಇರಂಗಿಲ್ಲ, ಹೌದಲ್ರಿ?" ಎಂದು ತಾನೇ ಹೇಳಿ ತಿರುಗಿಬಿಡುತ್ತಿದ್ದ. ಹೆಂಡತಿ ಸಾತವ್ವ ಖಾನಾಪುರದ ಹಂಚಿನ ಕಾರ್ಖಾನೆಗೆ ಕೂಲಿಗೆ ಹೋಗುತ್ತಿದ್ದಳು. ಅವಳ ಕೂಲಿ ಮತ್ತು ಸರಕಾರ ಅವನಿಗೆ ಕೊಡುತ್ತಿದ್ದ ಅಂಗವಿಕಲ ಪಗಾರದಲ್ಲಿ ಮನೆ ನಡೆಯುತ್ತಿತ್ತು.

ಏಳನೇ ವರ್ಷ ಊರಿನ ಹಿಟ್ಟಿನ ಗಿರಣಿಯವನು ಆಸ್ಪತ್ರೆ ಸೇರಿದಾಗ ಗುರುಸಿದ್ದ ಹತ್ತು ದಿನ ಗಿರಣಿ ನೋಡಿಕೊಂಡ. ಇವನು ದುಡಿಯುತ್ತಾನೆಂದು ಯಾರೋ ಅರ್ಜಿ ಹಾಕಿದರು. ಪಗಾರ ನಿಂತಿತು. ವಿಚಾರಣೆಗೆ ಬಂದ, ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿ ಗುಡಿಯ ಕಟ್ಟೆಯ ಮೇಲೆ ಕೂತು, ಊರವರ ನಡುವೆಯೇ ಪಂಚನಾಮೆ ಬರೆಯತೊಡಗಿದ.

"ಇವರ ಕಡಿಂದ ಏನರ ಕೆಲಸ ಆಕ್ಕೈತೇನವಾ?" ಎಂದು ಸಾತವ್ವನನ್ನು ಕೇಳಿದ.

ಸಾತವ್ವ ಗಂಡನತ್ತ ನೋಡಲಿಲ್ಲ. "ಏನೂ ಆಗಂಗಿಲ್ರಿ ಸಾಹೇಬ್ರ. ಒಂದ ಕೊಡಾ ನೀರ ಎತ್ತಂಗಿಲ್ಲ. ಅಂಗಿ ಗುಂಡಿ ಸೈತ ನಾನ ಹಾಕಬೇಕು. ದಂಡಕ್ಕ ಕುಂತ ತಿಂತಾರ."

ಹಿಂದೆ ಯಾರೋ ನಕ್ಕರು. ಗುಂಡಿಯನ್ನು ಅವನೇ ಹಾಕಿಕೊಳ್ಳುತ್ತಿದ್ದ. ಎಡಗೈಯಲ್ಲಿ ಅದನ್ನು ಕಲಿಯಲು ಮೂರು ತಿಂಗಳು ಹಿಡಿದಿತ್ತು. ತಲಾಟಿ ಬರೆದದ್ದನ್ನು ಗಟ್ಟಿಯಾಗಿ ಓದಿದ. ಗುರುಸಿದ್ದ ಹೆಬ್ಬೆಟ್ಟು ಒತ್ತಿದ.

"ಪಗಾರ ಬರಲಿ ಅಂತ ಹಂಗ ಹೇಳಿದ್ನಿ, ಮನಸಿಗೆ ಹಚ್ಕೋಬ್ಯಾಡ್ರಿ," ಎಂದಳು ಸಾತವ್ವ ದಾರಿಯಲ್ಲಿ. ಮರುದಿನದಿಂದ ಗುಂಡಿಯನ್ನು ಖರೇನೇ ಅವಳು ಹಾಕಬೇಕಾಯಿತು.

ಪಗಾರ ಮತ್ತೆ ಶುರುವಾಯಿತು. ವರ್ಷ ಕಳೆದ ಮೇಲೆ ಹಳೆಯ ಜೊತೆಗಾರ ರಾಮಲಿಂಗ ಮನೆ ಹುಡುಕಿಕೊಂಡು ಬಂದ. ಅವನೀಗ ಮಚ್ಛೆಯ ಬೇರೊಂದು ಕಾರ್ಖಾನೆಯಲ್ಲಿ ಸೂಪರ್‌ವೈಜರ್.

"ಸ್ಟೋರಿನ್ಯಾಗ ಕುಂತ ಸಾಮಾನ ಎತ್ತಿ ಕೊಡೂದು. ಒಂದ ಕೈ ಸಾಕ. ನಾಳಿಂದನ ಬಾ."

ಗುರುಸಿದ್ದ ಹೋದ. ಮಶೀನುಗಳ ಸದ್ದಿಗೇ ಮೈ ಬೆವರಿತು. ಸಾಮಾನುಗಳ ಹೆಸರುಗಳು ಮರೆತುಹೋಗಿದ್ದವು. ಕೆಲಸಗಾರರು ಕೇಳಿದ್ದೊಂದು, ಇವನು ಕೊಟ್ಟದ್ದೊಂದು. ಹನ್ನೊಂದು ಗಂಟೆಗೆ ಗೋಡೆಗೊರಗಿ ಕೂತವನಿಗೆ ನಿದ್ದೆ ಹತ್ತಿತು. ಕಿಟಕಿಯ ಹೊರಗೆ ಕೆಲಸಗಾರರು ಕೂಗುತ್ತ ನಿಂತರು. ಮಧ್ಯಾಹ್ನ ರಾಮಲಿಂಗ ಅವನನ್ನು ಗೇಟಿನ ತನಕ ಕಳಿಸಿ, "ನೀ ಹಿಂಗಿರಲಿಲ್ಲಲೋ ಮಾರಾಯಾ. ಮನಿಗೆ ಹೋಗು" ಎಂದ.

ಅವನು ಖಾನಾಪುರದ ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯವರೆಗೆ ಕೂತ. ಮರುದಿನವೂ ಬುತ್ತಿ ಕಟ್ಟಿಸಿಕೊಂಡು ಹೊರಟು, ಅಲ್ಲೇ ಉಂಡು, ಸಂಜೆ ಬಂದು ಕೆಲಸದ ಸುದ್ದಿ ಹೇಳಿದ. ಹೀಗೆ ಹನ್ನೆರಡು ದಿನ. "ನಮ್ಮವರು ನೌಕರಿಗೆ ಹೊಂಟಾರ" ಎಂದು ಸಾತವ್ವ ಓಣಿಗೆಲ್ಲ ಹೇಳಿದಳು. ಮತ್ತೊಂದು ಅರ್ಜಿ ಬಿತ್ತು.

ಈ ಸಲ ತಲಾಟಿ ಸಂಜೆ ಮನೆಗೇ ಬಂದ. "ನೌಕರಿ ಮಾಡಾಕತ್ತೀರಂತ, ಖರೇ ಏನ್ರಿ?"

ಸಾತವ್ವ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು. ಎಂಟು ವರ್ಷದಲ್ಲಿ ಮೊದಲ ಸಲ ಗಂಡನನ್ನು ಅಭಿಮಾನದಿಂದ ನೋಡುತ್ತಿದ್ದಳು.

"ಹೌದ್ರಿ," ಎಂದ ಗುರುಸಿದ್ದ. "ಮಾಡಾಕತ್ತೀನಿ."

ಪಗಾರ ರದ್ದಾಯಿತು. ಅವನು ಬುತ್ತಿ ಕಟ್ಟಿಸಿಕೊಂಡು ಬಸ್‌ಸ್ಟ್ಯಾಂಡಿಗೆ ಹೋಗುತ್ತಲೇ ಇದ್ದ. ತಿಂಗಳು ತುಂಬಿ ಅವಳು ಸಂಬಳ ಕೇಳಿದ ದಿನ ಅವನು ಎಲ್ಲ ಹೇಳಿದ. ಮರುದಿನ ನಸುಕಿಗೆ ಎದ್ದು ತನ್ನೊಬ್ಬಳಿಗಾಗುವಷ್ಟೇ ರೊಟ್ಟಿ ಬಡಿದು, ಅವನನ್ನು ಎಬ್ಬಿಸದೆ ಹಂಚಿನ ಕಾರ್ಖಾನೆಗೆ ಹೋದಳು.