ಸಿರಿಯ ಬಲಗೈ

ಸಿರಿ ಹುಟ್ಟಿದ ಮಾರನೇ ದಿನ ಆಸ್ಪತ್ರೆಯಲ್ಲಿ ನನ್ನ ಅತ್ತೆ ಅವಳ ಬಟ್ಟೆ ಬದಲಿಸುತ್ತಿದ್ದರು. ಎಡಗೈ ಮುಷ್ಟಿ ಕಟ್ಟಿ ಗಾಳಿಗೆ ಗುದ್ದುತ್ತಿತ್ತು. ಬಲಗೈ ಮೈಗೆ ಅಂಟಿಕೊಂಡು ಬಿದ್ದಿತ್ತು.

"ಈ ಕೈ ಆಡುಸ್ತಾನೇ ಇಲ್ವಲ್ಲೇ," ಎಂದರು ಅತ್ತೆ.

ನರ್ಸ್ ಬಂದು ನೋಡಿದರು. "ಹೆರಿಗೇಲಿ ಸ್ವಲ್ಪ ಉಳುಕಿರುತ್ತೆ ಕಣಮ್ಮ. ಸರಿಹೋಗುತ್ತೆ."

ನಂಬಿದೆವು. ಒಂಟಿಕೊಪ್ಪಲಿನ ಮನೆಗೆ ಬಂದೆವು. ಕಾದೆವು. ತೋಳು ಏಳಲಿಲ್ಲ.

ಬೇರೆ ಆಸ್ಪತ್ರೆಯ ಮಕ್ಕಳ ಡಾಕ್ಟರ್ ಆ ಕೈಯನ್ನು ಮೆಲ್ಲಗೆ ಎತ್ತಿ ಬಿಟ್ಟರು. ಅದು ಹಾಸಿಗೆಗೆ ಬಿತ್ತು. "ಬ್ರೇಕಿಯಲ್ ಪ್ಲೆಕ್ಸಸ್ ಇಂಜುರಿ. ಮಗು ಭುಜ ಸಿಕ್ಕಿಕೊಂಡಾಗ ತಲೆ ಹಿಡಿದು ಜೋರಾಗಿ ಎಳೆದಿದ್ದಾರೆ. ತೋಳಿಗೆ ಹೋಗೋ ನರ ಹರಿದಿರಬಹುದು."

ಎಳೆದಿದ್ದಾರೆ.

ಬಸುರಿಯಾಗಿದ್ದಾಗ ನನಗೆ ಶುಗರ್ ಇತ್ತು. ಮಗು ದೊಡ್ಡದಿದೆ ಎಂದು ಸ್ಕ್ಯಾನಿಂಗ್‌ನಲ್ಲೇ ಗೊತ್ತಾಗಿತ್ತು. ಸಿಸೇರಿಯನ್ ಮಾಡಿ ಎಂದು ನಾನೇ ಕೇಳಿದ್ದೆ. "ನಾರ್ಮಲ್ಲೇ ಆಗುತ್ತೆ, ಹೆದರಬೇಡಿ," ಎಂದು ಹೇಳಿ ಹೋದ ದೊಡ್ಡ ಡಾಕ್ಟರ್ ಹೆರಿಗೆಯ ಹೊತ್ತಿಗೆ ಬರಲೇ ಇಲ್ಲ. ಹೊಸ ಡಾಕ್ಟರೊಬ್ಬರು ಅವರನ್ನು ಫೋನಿನಲ್ಲಿ ಕೇಳಿಕೊಂಡು ಮಗುವನ್ನು ಎಳೆದರು.

ಆರು ತಿಂಗಳಿಗೆ ನರದ ಆಪರೇಷನ್. ಆಮೇಲೆ ದಿನವೂ ಫಿಸಿಯೋಥೆರಪಿ. ನನ್ನ ಹೊಲಿಗೆ ಮಿಷನ್ ಮೂಲೆ ಸೇರಿತು. ಸಿರಿಯ ಬೆರಳುಗಳು ನನ್ನ ಬೆರಳನ್ನು ಬಿಗಿಯಾಗಿ ಹಿಡಿಯುತ್ತಿದ್ದವು, ತೋಳು ಮಾತ್ರ ಏಳುತ್ತಿರಲಿಲ್ಲ. ಪಕ್ಕದ ಮನೆಯ ಮಗು ಎತ್ತಿಕೋ ಎಂದು ಎರಡೂ ಕೈ ಚಾಚಿದರೆ ನಾನು ಮುಖ ತಿರುಗಿಸಿಕೊಳ್ಳುತ್ತಿದ್ದೆ.

ಕೇಸ್ ಹಾಕೋಣ ಎಂದೆ.

"ಡಾಕ್ಟರ್ ಮೇಲೆ ಕೇಸಾ? ನಮ್ ಕೈಲಿ ಆಗುತ್ತೇನೆ? ಬುಟ್ಬುಡು," ಎಂದರು ನನ್ನ ಗಂಡ ಮಂಜು.

"ಮಗೂನ ನೋಡೋಕೂ ಬರಲಿಲ್ಲ ಕಣ್ರೀ ಅವರು. ಒಂದ್ಸಲ ಬಂದು ಈ ಕೈ ಮುಟ್ಟಿ, ತಪ್ಪಾಯ್ತು ಅಂದಿದ್ರೆ ಸಾಕಿತ್ತು."

ಮಂಜು ಮತ್ತೆ ಬೇಡವೆನ್ನಲಿಲ್ಲ. ಚಾಮರಾಜಪುರಂನ ವಕೀಲೆಯೊಬ್ಬರು ಗ್ರಾಹಕರ ಆಯೋಗದಲ್ಲಿ ದೂರು ಹಾಕಿಕೊಟ್ಟರು. ವಾಯಿದೆಯ ಮೇಲೆ ವಾಯಿದೆ. ಕೊನೆಗೆ ವಿಚಾರಣೆಯ ದಿನ ಆಸ್ಪತ್ರೆಯ ವಕೀಲರು ನನ್ನ ಕಡೆ ತಿರುಗಿದರು.

"ನೋವು ಬಂದಾಗ ನೀವೇ ಸರಿಯಾಗಿ ಮುಕ್ಕಲಿಲ್ಲ, ಅಲ್ವೇನಮ್ಮ?"



"ಮುಕ್ಕಿದೆ ಸಾರ್. ಪ್ರಾಣ ಹೋಗೋ ಹಂಗೆ ಮುಕ್ಕಿದೆ. ದೊಡ್ಡ ಡಾಕ್ಟರ್ ಎಲ್ಲಿ ಅಂತ ಕೇಳ್ತಾ ಕೇಳ್ತಾನೇ ಮುಕ್ಕಿದೆ."

ಕಳೆದ ತಿಂಗಳು ಆದೇಶ ಬಂತು. ಹೆರಿಗೆಯಲ್ಲಿ ನಿರ್ಲಕ್ಷ್ಯ ಆಗಿದೆ, ಪರಿಹಾರ ಕೊಡಬೇಕು. ಮಂಜು ಮುಖ ಮುಚ್ಚಿಕೊಂಡು ಅತ್ತರು. ಸಿರಿಗೆ ಇನ್ನೊಂದು ಆಪರೇಷನ್ ಬೇಕು. ಅದಕ್ಕೀಗ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ. ಅಷ್ಟಕ್ಕೆ ನಾನು ಋಣಿ. ಆದರೆ ಅಂದು ಆಯೋಗದ ಹೊರಗೆ ಮೆಟ್ಟಿಲಿನಲ್ಲಿ ಆ ದೊಡ್ಡ ಡಾಕ್ಟರ್ ನಮ್ಮ ಪಕ್ಕದಲ್ಲೇ ಇಳಿದು ಹೋದರು. ಸಿರಿ ನನ್ನ ಸೊಂಟದ ಮೇಲಿದ್ದಳು. ಅವರು ತಿರುಗಿ ನೋಡಲಿಲ್ಲ. ಒಂದು ಮಾತಿಗಾಗಿ ಎಷ್ಟು ಹಂಬಲಿಸಿದ್ದೆನೆಂದು ನನಗೆ ಗೊತ್ತಾದದ್ದು ಆಗಲೇ.

ಸಿರಿಗೆ ಈಗ ಮೂರು ವರ್ಷ. ನಿನ್ನೆ ಸಂಜೆ ಅತ್ತೆ ಅವಳ ಮುಂದೆ ತಟ್ಟೆಯಲ್ಲಿ ಕಡ್ಲೆಪುರಿ ಇಟ್ಟರು. ಅವಳು ಎಡಗೈ ಬಿಟ್ಟು ಬಲಗೈಯಲ್ಲೇ ನಾಲ್ಕು ಕಾಳು ಹಿಡಿದಳು. ಕೈ ನಡುಗುತ್ತಾ ಎದೆಯ ತನಕ ಬಂದು ನಿಂತಿತು. ಅತ್ತೆ ಸಹಾಯಕ್ಕೆ ಬಾಗಿದರು. "ಬೇಡ," ಎಂದಳು ಸಿರಿ. ಕತ್ತು ಬಗ್ಗಿಸಿ, ಬಾಯನ್ನೇ ಕೈಯ ಹತ್ತಿರ ತಂದು, ತಿಂದಳು.