ಅಕ್ಕನ ಮನೆಯನ್ನು ನಕ್ಷೆಗೆ ಸೇರಿಸಿದ ಬಗ್ಗೆ

ಓದುಗರ ಗಮನಕ್ಕೆ ವಿನಯಪೂರ್ವಕವಾಗಿ ತರುವುದೇನೆಂದರೆ, ಕಚೇರಿ ಪತ್ರಗಳ ಹೊರತಾಗಿ ನಾನು ಈವರೆಗೆ ಏನನ್ನೂ ಬರೆದವನಲ್ಲ. ಲೋಪಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರಿಕೆ.

ಮಗಳ ಮದುವೆಯ ಮೊದಲ ಆಹ್ವಾನ ನನ್ನ ಅಕ್ಕನಿಗೆ ಸಲ್ಲಬೇಕಿತ್ತು. ಹಿಂದೆ ನಮ್ಮ ಗೃಹಪ್ರವೇಶಕ್ಕೆ ಫೋನಿನಲ್ಲಿ ಕರೆದೆವೆಂಬ ಕಾರಣಕ್ಕೆ ಆಕೆ ಬಂದಿರಲಿಲ್ಲ. ಆದ್ದರಿಂದ ಈ ಸಲ ಭಾನುವಾರ ನಾಲ್ಕೂವರೆಗೆ ರಾಹುಕಾಲ ಆರಂಭವಾಗುವ ಮುನ್ನ ಮನೆಗೇ ಹೋಗಿ, ಕುಂಕುಮವಿಟ್ಟು ಕರೆಯತಕ್ಕದ್ದೆಂದು ತೀರ್ಮಾನಿಸಲಾಯಿತು. ಆಕೆ ರಾಮಮೂರ್ತಿ ನಗರದ ಬಾಡಿಗೆ ಮನೆಗೆ ಹೋಗಿ ವರ್ಷವಾಗಿದ್ದರೂ ನಾನು ಅಲ್ಲಿಗೆ ಒಮ್ಮೆಯೂ ಹೋಗಿರಲಿಲ್ಲ. ದಾರಿ ಕೇಳಲು ಫೋನ್ ಮಾಡಿದರೆ ಅದೇ ಹೊಸ ಅಪರಾಧವಾಗುತ್ತಿತ್ತು.

ನಾನು ಕೆಲಸ ಮಾಡುತ್ತಿದ್ದ ಫ್ಯಾಕ್ಟರಿಯ ಕಚೇರಿಯಲ್ಲಿ ಜೊತೆಗಿದ್ದ ಮಿತ್ರರೊಬ್ಬರು ಓಪನ್ ಸೋರ್ಸ್ ನಕ್ಷೆಯ ಆ್ಯಪ್ ಸೂಚಿಸಿದರು. "ಜನಾನೇ ಸೇರಿ ಮಾಡಿರೋದು. ನೆಟ್ ಬೇಡ, ನೀವೆಲ್ಲಿ ಹೋದ್ರಿ ಅಂತ ಯಾರಿಗೂ ಹೇಳಲ್ಲ. ತಪ್ಪಿದ್ರೆ ನೀವೇ ತಿದ್ಬಹುದು," ಎಂದರು. ಹುಡುಕಿದಾಗ ಅಂಥವು ನಾಲ್ಕು ಕಂಡವು. ಒಂದರಲ್ಲಿ ಒತ್ತಲು ಏನೂ ಇಲ್ಲವೆಂಬಂತಿತ್ತು. ಇನ್ನೊಂದರಲ್ಲಿ ಸೈಕಲ್ಲಿಗೆ, ದೋಣಿಗೆ, ಹಿಮದಲ್ಲಿ ಜಾರುವವರಿಗೆ ಸಹ ಪ್ರತ್ಯೇಕ ಆಯ್ಕೆಗಳಿದ್ದವು. ನಿಬಂಧನೆಗಳನ್ನು ಸೇವಾ ನಿಯಮಾವಳಿಯಂತೆ ಆದ್ಯಂತ ಓದಿದೆ. ಗೊಂದಲ ಹೆಚ್ಚಿತು.

"ಗಂಡು ಹುಡುಕೋಕೂ ಇಷ್ಟು ದಿನ ಹಿಡೀಲಿಲ್ಲ ರೀ," ಎಂದಳು ನನ್ನ ಹೆಂಡತಿ.

ಕೊನೆಗೆ ಎರಡನ್ನು ಉಳಿಸಿಕೊಂಡೆ. ಹಿಟ್ಟಿನ ಗಿರಣಿಯ ಎದುರು ಮನೆ ಎಂದು ಅಕ್ಕ ಒಮ್ಮೆ ಹೇಳಿದ್ದು ನೆನಪಿತ್ತು. ಗಿರಣಿ ನಕ್ಷೆಯಲ್ಲಿತ್ತು. ಅದರೆದುರು ಬೆರಳಿಟ್ಟು, 'ಸ್ಥಳ ಸೇರಿಸಿ' ಎಂಬುದನ್ನು ಒತ್ತಿ, 'ಅಕ್ಕನ ಮನೆ' ಎಂದು ಬರೆದು ಕಳುಹಿಸಿದೆ. ಅದು ನನ್ನ ಫೋನಿನಲ್ಲಷ್ಟೇ ಉಳಿಯುವುದೆಂದು ಭಾವಿಸಿದ್ದೆ.

ಭಾನುವಾರ ಟಿನ್ ಫ್ಯಾಕ್ಟರಿ ಬಸ್ ನಿಲ್ದಾಣ ದಾಟಿದ ಬಳಿಕ ಒಂದು ನಕ್ಷೆ ಎಡಕ್ಕೆ ಎಂದಿತು, ಇನ್ನೊಂದು ಬಲಕ್ಕೆ. ಸ್ಕೂಟರಿನ ಹಿಂದೆ ಕುಳಿತ ಹೆಂಡತಿಯ ಒಂದು ಕೈಯಲ್ಲಿ ಹಣ್ಣು-ಕುಂಕುಮದ ಚೀಲ, ಇನ್ನೊಂದರಲ್ಲಿ ಫೋನು. ಹೇಗೋ ಗಿರಣಿ ಸಿಕ್ಕಿತು. ಆದರೆ ಎದುರಿಗೆ ಒಂದೇ ಬಣ್ಣದ ಮೂರು ಮನೆಗಳಿದ್ದವು. ಮೂರು ಬಾರಿ ಹಾದುಹೋದೆವು. ನಾಲ್ಕನೆಯ ಬಾರಿ ನಡುವಿನ ಮನೆಯ ಗೇಟು ತೆರೆಯಿತು.

"ಯಾರ ಮನೆ ಹುಡುಕ್ತಿದೀಯೋ?" ಎಂದಳು ಅಕ್ಕ. "ಆಗ್ಲಿಂದ ನೋಡ್ತಿದೀನಿ. ನಾನಾಗೇ ಕರೀಬಾರ್ದು ಅಂತಿದ್ದೆ."

ಗಂಟೆ ನಾಲ್ಕು ಇಪ್ಪತ್ತು. ಹೆಂಡತಿಯ ಕೈಯಿಂದ ಫೋನು ತೆಗೆದು, ನಕ್ಷೆಯಲ್ಲಿದ್ದ 'ಅಕ್ಕನ ಮನೆ'ಯನ್ನೇ ಅವಳ ಮುಂದೆ ಹಿಡಿದೆ. ಆಕೆ ಕನ್ನಡಕ ಹಾಕಿಕೊಂಡು ಓದಿದಳು. ಅಷ್ಟರಲ್ಲಿ ಪರದೆಯ ಮೇಲೊಂದು ಸಂದೇಶ ಬಂದಿತು. ನಕ್ಷೆಯ ಸ್ವಯಂಸೇವಕರೊಬ್ಬರು ಬರೆದಿದ್ದರು: "ಸರ್, ಇದು ಎಲ್ಲರ ನಕ್ಷೆ. ಯಾರ ಅಕ್ಕ? ದಯವಿಟ್ಟು ತೆಗೆದುಹಾಕಿ."

"ಎಲ್ರಿಗೂ ಕಾಣ್ಸುತ್ತಾ ಇದು?"

"ಕಾಣ್ಸುತ್ತೆ ಅನ್ಸುತ್ತೆ ಅಕ್ಕ."

ಆಕೆ ನಕ್ಕು, ನನ್ನ ಹೆಂಡತಿಯ ಮುಂದೆ ಕುಂಕುಮಕ್ಕೆ ಹಣೆಯೊಡ್ಡಿದಳು. "ಮದುವೆಗೆ ಬರ್ತೀನಿ. ಅದನ್ನ ಮಾತ್ರ ತೆಗೀಬೇಡ."

ಒಂದು ಕಡೆ ಲಿಖಿತ ಕೋರಿಕೆ, ಇನ್ನೊಂದು ಕಡೆ ಮೌಖಿಕ ಆದೇಶ. ಎರಡು ದಿನ ಯೋಚಿಸಿ, ಎಲ್ಲರ ನಕ್ಷೆಯಿಂದ ಅದನ್ನು ಅಳಿಸಿ, ನನ್ನ ಫೋನಿನಲ್ಲಿ ಮಾತ್ರ ಗುರುತಿಟ್ಟುಕೊಂಡೆ. ಅಕ್ಕನಿಗೆ ತಿಳಿಸಲಿಲ್ಲ. ಆಕೆ ಮದುವೆಗೆ ಬಂದಳು; ಊಟದ ಪಂಕ್ತಿಯಲ್ಲಿ ಕುಳಿತವರಿಗೆಲ್ಲ, "ನಮ್ಮನೆ ನಕ್ಷೆಯಲ್ಲೇ ಇದೆ, ನೋಡ್ಕೊಂಡು ಬನ್ನಿ," ಎಂದು ಹೇಳಿದಳು. ಈ ಸಂಬಂಧ ಮುಂದೆ ಯಾವ ಕ್ರಮ ಕೈಗೊಳ್ಳತಕ್ಕದ್ದೆಂಬುದು ನನಗೆ ಇನ್ನೂ ತಿಳಿದಿರುವುದಿಲ್ಲ.